ಕಿರಿಯನ ಮಾತು ಉಳಿಸಿದ ಹಡಗು

ಕ್ಯಾಪ್ಟನ್ ಕುಕ್‌ನ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ನನ್ನ ವಿದ್ಯಾರ್ಥಿಗಳಿಗೆ, ಪಠ್ಯದಲ್ಲಿಲ್ಲದ ಸಂಗತಿಯೊಂದನ್ನು ಹೇಳಬಯಸುತ್ತೇನೆ.

1770ರ ಜೂನ್ 11ರ ರಾತ್ರಿ ಆತನ ‘ಎಂಡೆವರ್’ ಹಡಗು ಆಸ್ಟ್ರೇಲಿಯದ ಈಶಾನ್ಯ ಕರಾವಳಿಯಾಚೆ ಹವಳದ ದಿಬ್ಬಕ್ಕೆ ಬಡಿದು ಸಿಲುಕಿತು. ಫಿರಂಗಿಗಳೂ ಸೇರಿದಂತೆ ಸುಮಾರು 40-50 ಟನ್ ಭಾರವನ್ನು ಕಡಲಿಗೆಸೆದ ಮೇಲೆ, ಮರುರಾತ್ರಿಯ ಭರತದಲ್ಲಿ ಅದು ತೇಲಿತು. ಆದರೆ ಒಡೆದ ತಳದಿಂದ ನೀರು ನುಗ್ಗುತ್ತಲೇ ಇತ್ತು. ದಡ ದೂರ, ದೋಣಿಗಳಲ್ಲಿ ಎಲ್ಲರಿಗೂ ಸ್ಥಳವಿರಲಿಲ್ಲ.

ಆಗ ನೆರವಾದವನು ಜೊನಾಥನ್ ಮಂಕ್‌ಹೌಸ್ ಎಂಬ ಕಿರಿಯ ನೌಕಾಧಿಕಾರಿ. ವರ್ಜೀನಿಯದಿಂದ ಲಂಡನ್ನಿಗೆ ಸೋರುತ್ತಲೇ ಬಂದ ವ್ಯಾಪಾರಿ ಹಡಗೊಂದರಲ್ಲಿ ಆತ ಒಂದು ಉಪಾಯವನ್ನು ಕಂಡಿದ್ದ. ಹಳೆಯ ಹಗ್ಗದ ನಾರು, ಉಣ್ಣೆಗಳನ್ನು ಹಾಯಿಬಟ್ಟೆಗೆ ಹೊಲಿದು, ಮೇಲೆ ಕುರಿಹಿಕ್ಕೆ ಹರಡಿ, ಹಗ್ಗಗಳಿಂದ ಹಡಗಿನ ಅಡಿಗೆ ಎಳೆಯಬೇಕು. ಒಳನುಗ್ಗುವ ನೀರೇ ಅದನ್ನು ಸೆಳೆದು ಬಿರುಕನ್ನು ಮುಚ್ಚುತ್ತದೆ. ಕುಕ್ ಆ ಕೆಲಸವನ್ನು ಆತನಿಗೇ ವಹಿಸಿದ. ನೀರು ತಗ್ಗಿತು. ಬಳಿಕ ನದೀಮುಖವೊಂದರಲ್ಲಿ ಹಡಗನ್ನು ದಡಕ್ಕೆಳೆದು ನೋಡಿದಾಗ, ಮುರಿದ ಹವಳದ ತುಂಡೊಂದು ರಂಧ್ರದಲ್ಲಿ ಬೆಣೆಯಂತೆ ಸಿಕ್ಕಿತ್ತು. ಅಲ್ಲಿ ದುರಸ್ತಿಗೆ ವಾರಗಳೇ ಹಿಡಿದವು.

ಮಂಕ್‌ಹೌಸ್ 1771ರಲ್ಲಿ, ತಾಯ್ನಾಡು ತಲುಪುವ ಮುನ್ನವೇ ತೀರಿಕೊಂಡ. ಆತನ ನೆರವನ್ನು ಕುಕ್ ತನ್ನ ದಿನಚರಿಯಲ್ಲಿ ಮೆಚ್ಚಿ ದಾಖಲಿಸಿದ್ದಾನೆ. ಹಿರಿಯರಾದ ನಾವು ಕಿರಿಯರ ಮಾತಿಗೆ ಕಿವಿಗೊಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.