ಅಕ್ಷರಬಿಲ್ಲೆಗಳ ಆಟ: ಪದಸಂಪತ್ತಿಗಿಂತ ಲೆಕ್ಕವೇ ಮುಖ್ಯ

ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಮಲ್ಪೆ ಬಂದರಿನ ಯಾಂತ್ರೀಕೃತ ದೋಣಿಗಳು ದಡ ಸೇರಿರುತ್ತವೆ. ಮೀನುಗಾರಿಕೆಗೆ ನಿಷೇಧವಿರುವ ಈ ಮಳೆಗಾಲವು ತುಳುನಾಡಿನಲ್ಲಿ ಮನೆಯೊಳಗಿನ ಆಟಗಳ ಕಾಲವೂ ಹೌದು. ಆಟಿ ತಿಂಗಳಲ್ಲಿ ಚಾವಡಿಗೆ ಬರುವ ಚೆನ್ನೆಮಣೆ ಅವುಗಳಲ್ಲಿ ಪ್ರಮುಖವಾದದ್ದು. ಇಬ್ಬರು ಎದುರುಬದುರು ಕುಳಿತು, ಏಳೇಳು ಗುಳಿಗಳ ಎರಡು ಸಾಲುಗಳಲ್ಲಿ, ಗುಳಿಗೆ ನಾಲ್ಕರಂತೆ ಒಟ್ಟು 56 ಕಾಯಿಗಳನ್ನು ಹಂಚುತ್ತಾ ಆಡುವ ಆಟವಿದು. ಎದುರಾಳಿಯ ಯಾವ ಗುಳಿಯಲ್ಲಿ ಎಷ್ಟು ಕಾಯಿ ಉಳಿದಿದೆ ಎಂಬುದನ್ನು ಮನಸ್ಸಿನಲ್ಲೇ ಎಣಿಸಬಲ್ಲವರು ಇಲ್ಲಿ ಗೆಲ್ಲುತ್ತಾರೆ.

ಮಲ್ಪೆ ಕಡಲತೀರಕ್ಕೆ 2016ರಲ್ಲಿ ಉಚಿತ ವೈಫೈ ಸೌಲಭ್ಯ ಬಂದಾಗ, ಇಂಥ ಸೌಲಭ್ಯ ಪಡೆದ ದೇಶದ ಮೊದಲ ಕಡಲತೀರವಿದು ಎಂದು ಪತ್ರಿಕೆಗಳು ಬರೆದವು. ಅಂತರ್ಜಾಲವು ಕೈಗೆ ತಂದಿತ್ತ ಆಟಗಳಲ್ಲಿ ಇಬ್ಬರು ಆಡುವ ಇಂಗ್ಲಿಷ್ ಪದರಚನೆಯ ಆಟವೂ ಒಂದು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕರು 'ಅಷ್ಟು ಇಂಗ್ಲಿಷ್ ನಮಗೆ ಬಾರದು' ಎಂದು ಅದರಿಂದ ದೂರ ಉಳಿಯುತ್ತಾರೆ. ಈ ಹಿಂಜರಿಕೆಗೆ ಆಧಾರ ತೀರಾ ಕಡಿಮೆ.

ನ್ಯೂಜಿಲೆಂಡ್ ಮೂಲದ ನೈಜೆಲ್ ರಿಚರ್ಡ್ಸ್ ಇದಕ್ಕೆ ಉತ್ತಮ ಸಾಕ್ಷಿ. 2007ರಲ್ಲಿ ಮುಂಬಯಿಯಲ್ಲಿ ನಡೆದ ವಿಶ್ವ ಸ್ಕ್ರ್ಯಾಬಲ್ ಸ್ಪರ್ಧೆಯನ್ನು ಗೆದ್ದ ಇವರು, 2015ರಲ್ಲಿ ಬೆಲ್ಜಿಯಂನಲ್ಲಿ ಫ್ರೆಂಚ್ ಭಾಷೆಯ ವಿಶ್ವ ಪ್ರಶಸ್ತಿಯನ್ನೂ ತಮ್ಮದಾಗಿಸಿಕೊಂಡರು. ಫ್ರೆಂಚ್ ಭಾಷೆಯಲ್ಲಿ ಸಂಭಾಷಿಸಲು ಅವರಿಗೆ ಬರುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಪದಪಟ್ಟಿಯನ್ನು ಬಾಯಿಪಾಠ ಮಾಡಿದ್ದರು, ಅಷ್ಟೆ. 2024ರಲ್ಲಿ ಸ್ಪ್ಯಾನಿಷ್ ಪ್ರಶಸ್ತಿಯೂ ಅವರ ಪಾಲಾಯಿತು. ಈ ಆಟದಲ್ಲಿ ಪದವೆಂದರೆ ಅರ್ಥವಲ್ಲ, ಅಂಕ ತರುವ ಅಕ್ಷರಗಳ ಜೋಡಣೆ.

ಆಟದ ಹಿನ್ನೆಲೆ

ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಈ ಆಟವನ್ನು ರೂಪಿಸಿದರು. ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆ ಎಂದು ಪತ್ರಿಕೆಯ ಪುಟಗಳಲ್ಲಿ ಎಣಿಸಿ, ಅದಕ್ಕೆ ತಕ್ಕಂತೆ ಬಿಲ್ಲೆಗಳ ಸಂಖ್ಯೆಯನ್ನೂ ಅಂಕವನ್ನೂ ನಿಗದಿಪಡಿಸಿದರು. 1948ರಲ್ಲಿ ಜೇಮ್ಸ್ ಬ್ರೂನೊ ಇದಕ್ಕೆ ಸ್ಕ್ರ್ಯಾಬಲ್ ಎಂದು ಹೆಸರಿಟ್ಟರು. ಅಮೆರಿಕ ಮತ್ತು ಕೆನಡಾದಲ್ಲಿ ಇದರ ಹಕ್ಕು ಹಾಸ್‌ಬ್ರೊ ಕಂಪನಿಯದು, ಉಳಿದೆಡೆ ಮ್ಯಾಟೆಲ್‌ನದು.

ಅಂತರ್ಜಾಲದಲ್ಲಿ ಈ ಆಟದ ಜನಪ್ರಿಯತೆಗೆ ಕಾರಣರಾದವರು ಭಾರತೀಯರೇ. ಕೋಲ್ಕತ್ತಾದ ಸೋದರರಾದ ರಜತ್ ಮತ್ತು ಜಯಂತ್ ಅಗರವಾಲಾ ಸಿದ್ಧಪಡಿಸಿದ 'ಸ್ಕ್ರ್ಯಾಬ್ಯುಲಸ್' 2007ರಲ್ಲಿ ಫೇಸ್‌ಬುಕ್ ಸೇರಿ ಮನೆಮಾತಾಯಿತು. 2008ರ ಜುಲೈಯಲ್ಲಿ ಹಾಸ್‌ಬ್ರೊ ನ್ಯೂಯಾರ್ಕ್‌ನಲ್ಲಿ ದಾವೆ ಹೂಡಿತು. ಅಮೆರಿಕ ಮತ್ತು ಕೆನಡಾದವರಿಗೆ ಆಟ ನಿಂತಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಮ್ಯಾಟೆಲ್‌ನ ಅರ್ಜಿಯ ಮೇಲೆ, ಆಟದ ಮಣೆಯ ಕೃತಿಸ್ವಾಮ್ಯದ ವಾದವನ್ನು ಒಪ್ಪದೆ, ಹೆಸರಿನ ಬಳಕೆಗೆ ಮಾತ್ರ ತಡೆ ನೀಡಿತು. ಸೋದರರು 'ಲೆಕ್ಸುಲಸ್' ಎಂಬ ಹೊಸ ಹೆಸರಿನಲ್ಲಿ, ಏಳರ ಬದಲು ಎಂಟು ಬಿಲ್ಲೆಗಳೊಂದಿಗೆ ಮುಂದುವರಿದರು. ಮೊಬೈಲ್‌ಗೆಂದೇ ರೂಪಿಸಿದ 'ವರ್ಡ್ಸ್ ವಿತ್ ಫ್ರೆಂಡ್ಸ್' 2009ರಲ್ಲಿ, 'ಸ್ಕ್ರ್ಯಾಬಲ್ ಗೋ' ಹಾಗೂ ಉಚಿತ ತಾಣವಾದ 'ವೂಗಲ್ಸ್' 2020ರಲ್ಲಿ ಬಂದವು.

ಗೆಲ್ಲುವ ಬಗೆ

ಸ್ಕ್ರ್ಯಾಬಲ್ ಮಣೆಯಲ್ಲಿ 15ಕ್ಕೆ 15 ಮನೆಗಳು, ಚೀಲದಲ್ಲಿ 100 ಬಿಲ್ಲೆಗಳು, ಪ್ರತಿ ಆಟಗಾರನ ಕೈಯಲ್ಲಿ ಏಳು. ಏಳನ್ನೂ ಒಂದೇ ಸರದಿಯಲ್ಲಿ ಇಳಿಸಿದರೆ 50 ಹೆಚ್ಚುವರಿ ಅಂಕ. ವರ್ಡ್ಸ್ ವಿತ್ ಫ್ರೆಂಡ್ಸ್‌ನಲ್ಲಿ 104 ಬಿಲ್ಲೆಗಳಿದ್ದು ಈ ಬಹುಮಾನ 35 ಮಾತ್ರ. ಅಕ್ಷರಗಳ ಅಂಕವೂ ಬೇರೆ. ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಹೋದಾಗ ಲೆಕ್ಕ ತಪ್ಪುವುದು ಇಲ್ಲಿಯೇ.

ಹೊಸಬರು ಮೊದಲು ಕಲಿಯಬೇಕಾದದ್ದು ಉದ್ದ ಪದಗಳನ್ನಲ್ಲ, ಎರಡಕ್ಷರದ ಪದಗಳನ್ನು. ಅಂಗೀಕೃತ ಪಟ್ಟಿಯಲ್ಲಿ ಇವು ನೂರಕ್ಕೂ ಹೆಚ್ಚಿವೆ. ಮಣೆಯ ಮೇಲಿರುವ ಪದಕ್ಕೆ ತಾಗಿದಂತೆ ಇನ್ನೊಂದು ಪದವನ್ನು ಸಮಾನಾಂತರವಾಗಿ ಇಟ್ಟಾಗ ಅಡ್ಡಲಾಗಿಯೂ ಉದ್ದಕ್ಕೂ ಅಂಕ ಸಿಗುತ್ತದೆ. ಅದಕ್ಕೆ ಇವೇ ಆಧಾರ. ಎಕ್ಸ್ ಬಿಲ್ಲೆಗೆ 8 ಅಂಕ. ಅಕ್ಷರದ ಅಂಕವನ್ನು ಮೂರು ಪಟ್ಟು ಮಾಡುವ ಮನೆಯಲ್ಲಿ ಅದನ್ನಿಟ್ಟು, ಎರಡೂ ದಿಕ್ಕಿನಲ್ಲಿ 'ಎ' ಬಿಲ್ಲೆಯೊಡನೆ ಪದವಾಗುವಂತೆ ಮಾಡಿದರೆ ಒಂದೇ ಬಿಲ್ಲೆಯಿಂದ 25ರಂತೆ ಎರಡು ಬಾರಿ, ಒಟ್ಟು 50 ಅಂಕ. ಹತ್ತು ಅಂಕದ ಕ್ಯೂ ಬಂದೊಡನೆ 'ಯು' ಹುಡುಕುವವರು, ಕ್ಯೂ ಮತ್ತು ಐ ಎರಡೇ ಸೇರಿ ಪದವಾಗುತ್ತದೆ ಎಂಬುದನ್ನು ತಿಳಿದಿದ್ದರೆ ಸಾಕು.

ಎರಡನೆಯದು, ಏನನ್ನು ಆಡಿದಿರಿ ಎಂಬುದಷ್ಟೇ ಅಲ್ಲ, ಕೈಯಲ್ಲಿ ಏನನ್ನು ಉಳಿಸಿಕೊಂಡಿರಿ ಎಂಬುದು. ಚೀಲದಲ್ಲಿ ಖಾಲಿ ಬಿಲ್ಲೆಗಳು ಎರಡು, ಎಸ್ ಬಿಲ್ಲೆಗಳು ನಾಲ್ಕು. ಇವನ್ನು ಐದಾರು ಅಂಕದ ಆಸೆಗೆ ಖರ್ಚು ಮಾಡುವುದು ದುಂದುಗಾರಿಕೆ. ಎಸ್, ಎ, ಟಿ, ಐ, ಆರ್, ಇ ಎಂಬ ಆರು ಕೈಯಲ್ಲಿದ್ದರೆ ಏಳನೆಯದಾಗಿ ಬರುವ ಹೆಚ್ಚಿನ ಅಕ್ಷರಗಳು ಏಳಕ್ಷರದ ಪದವನ್ನು ಕೊಡುತ್ತವೆ. ಸ್ವರಗಳೇ ತುಂಬಿಕೊಂಡು ಕೈ ಕೆಟ್ಟಾಗ ಒಂದು ಸರದಿ ಬಿಟ್ಟು ಬಿಲ್ಲೆ ಬದಲಾಯಿಸಿಕೊಳ್ಳುವುದು ಸೋಲಲ್ಲ. ಮುನ್ನಡೆಯಲ್ಲಿರುವವರು ಮಣೆಯನ್ನು ಮುಚ್ಚುತ್ತಾ ಹೋಗಬೇಕು, ಹಿಂದಿರುವವರು ತೆರೆಯುತ್ತಾ ಹೋಗಬೇಕು.

ಮೂರನೆಯದೇ ಚೆನ್ನೆಮಣೆಯ ವಿದ್ಯೆ. ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ ಇ 12, ಎ ಮತ್ತು ಐ ತಲಾ 9, ಒ 8. ಜೆ, ಕೆ, ಎಕ್ಸ್, ಕ್ಯೂ, ಝಡ್ ಒಂದೊಂದೇ. ಮಣೆಯ ಮೇಲಿರುವುದನ್ನೂ ತನ್ನ ಕೈಯಲ್ಲಿರುವುದನ್ನೂ ಕಳೆದರೆ ಉಳಿದದ್ದು ಚೀಲದಲ್ಲೋ ಎದುರಾಳಿಯ ಕೈಯಲ್ಲೋ ಇರಲೇಬೇಕು. ಚೀಲ ಬರಿದಾದ ಕ್ಷಣದಲ್ಲಿ ಎದುರಾಳಿಯ ಏಳೂ ಬಿಲ್ಲೆಗಳು ಕಂಡಂತೆಯೇ ಸರಿ. ಸಮಬಲದ ಪಂದ್ಯಗಳು ತೀರ್ಮಾನವಾಗುವುದು ಹೆಚ್ಚಾಗಿ ಈ ಕೊನೆಯ ಎರಡು ಮೂರು ಸರದಿಗಳಲ್ಲಿ. ಅನೇಕ ತಾಣಗಳಲ್ಲಿ ಉಳಿದ ಬಿಲ್ಲೆಗಳ ಪಟ್ಟಿ ಪರದೆಯ ಮೇಲೆಯೇ ಸಿಗುತ್ತದೆ. ಬಹುಮಂದಿ ಅತ್ತ ಕಣ್ಣು ಹಾಯಿಸುವುದಿಲ್ಲ ಎಂಬುದೇ ಸೋಜಿಗ.

ಅಂತರ್ಜಾಲದಲ್ಲಿ ಇನ್ನೊಂದು ಅನುಕೂಲವಿದೆ. ಹೆಚ್ಚಿನ ತಾಣಗಳು ಪಟ್ಟಿಯಲ್ಲಿಲ್ಲದ ಪದವನ್ನು ತಾವೇ ತಿರಸ್ಕರಿಸುತ್ತವೆ, ದಂಡವಿಲ್ಲ. ಅನುಮಾನದ ಪದವನ್ನು ಧೈರ್ಯವಾಗಿ ಇಟ್ಟು ನೋಡಬಹುದು. ಮೇಜಿನ ಸ್ಪರ್ಧೆಗಳಲ್ಲಿ ಹಾಗಲ್ಲ. ಎದುರಾಳಿ ಪ್ರಶ್ನಿಸಿ ಪದ ತಪ್ಪೆಂದಾದರೆ ಸರದಿಯೇ ಹೋಗುತ್ತದೆ. ಅಕ್ಷರ ಕೊಟ್ಟರೆ ಪದ ಹುಡುಕಿಕೊಡುವ ತಂತ್ರಾಂಶಗಳನ್ನು ಆಟದ ನಡುವೆ ಬಳಸುವುದು ವಂಚನೆ. ಆಟ ಮುಗಿದ ಮೇಲೆ 'ಕ್ವ್ಯಾಕಲ್'ನಂಥ ಉಚಿತ ತಂತ್ರಾಂಶದಲ್ಲಿ ತನ್ನ ನಡೆಗಳನ್ನು ಪರಿಶೀಲಿಸುವುದು ಮಾತ್ರ ಕಲಿಕೆಯ ಹತ್ತಿರದ ದಾರಿ. ಇಬ್ಬರ ಆಟದಲ್ಲಿ ಸಿಟ್ಟು ಎಲ್ಲಿಗೆ ಮುಟ್ಟೀತು ಎಂಬುದನ್ನು ತುಳುನಾಡಿಗೆ ಹೇಳಬೇಕಾಗಿಲ್ಲ; ಸಿರಿ ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ, ದಾರಗರ ದುರಂತಕ್ಕೆ ಚೆನ್ನೆಯಾಟದ ಜಗಳವೇ ಕಾರಣ.

ಅಡುಗೆಮನೆಯ ಪದಗಳು

ಭಾರತದ ಸ್ಪರ್ಧೆಗಳಲ್ಲಿ ಬಳಕೆಯಾಗುವ ಕಾಲಿನ್ಸ್ ಪದಪಟ್ಟಿಯಲ್ಲಿ ಕರಾವಳಿಯವರಿಗೆ ಹುಟ್ಟಿನಿಂದಲೇ ಗೊತ್ತಿರುವ ಪದಗಳು ಹಲವು. ಉಡುಪಿ ಹೋಟೆಲುಗಳು ಊರೂರಿಗೆ ಒಯ್ದ ಇಡ್ಲಿ, ದೋಸೆ ಎರಡೂ ಅಲ್ಲಿವೆ. ತಲಾ 5 ಅಂಕ. ರಾಗಿಯೂ ಇದೆ. ಕೊಬ್ಬರಿಯ ಇಂಗ್ಲಿಷ್ ರೂಪವಾದ 'ಕೊಪ್ರ'ಕ್ಕೆ 9 ಅಂಕ, ಕೊನೆಗೆ ಎಚ್ ಸೇರಿಸಿದರೂ ಅದು ಸಿಂಧು. ತೆಂಗಿನ ನಾರಿನ 'ಕಾಯರ್', ಅಡಿಕೆಯ 'ಅರೆಕ', ತೇಗದ 'ಟೀಕ್' ಇವೆಲ್ಲ ಈ ಕರಾವಳಿಯ ಭಾಷೆಗಳಿಂದ ಹಡಗು ಹತ್ತಿ ಹೋದವುಗಳೇ. ಬೆಲ್ಲಕ್ಕೆ ಇಂಗ್ಲಿಷಿನಲ್ಲಿರುವ 'ಜ್ಯಾಗರಿ', ಶರ್ಕರ ಎಂಬ ಪದ ಪೋರ್ಚುಗೀಸರ ಬಾಯಲ್ಲಿ ಹೊರಳಿ ಆದದ್ದು. ಅದರಲ್ಲಿ ಸರಿಯಾಗಿ ಏಳು ಅಕ್ಷರಗಳು: 19 ಅಂಕ, ಏಳನ್ನೂ ಇಳಿಸಿದ್ದಕ್ಕೆ 50, ಒಟ್ಟು 69, ಮಣೆಯ ವಿಶೇಷ ಮನೆಗಳ ಲಾಭ ಬೇರೆ.

ಕನ್ನಡದಲ್ಲಿ ಏಕಿಲ್ಲ?

ಹಾಗಾದರೆ ಕನ್ನಡದಲ್ಲೇ ಆಡಬಾರದೇಕೆ ಎಂಬ ಪ್ರಶ್ನೆ ಸಹಜ. ತೊಡಕಿರುವುದು ಲಿಪಿಯಲ್ಲಿ. ಪತ್ರಿಕೆಗಳ ಪದಬಂಧದಲ್ಲಿ 'ಮಲ್ಪೆ' ಎರಡು ಮನೆಗಳ ಪದ: ಮ, ಲ್ಪೆ. ಹೀಗೆ ಇಡೀ ಅಕ್ಷರವನ್ನೇ ಬಿಲ್ಲೆ ಮಾಡಿದರೆ, 34 ವ್ಯಂಜನಗಳ ಕಾಗುಣಿತವೇ ನಾನೂರನ್ನು ಮೀರುತ್ತದೆ, ಒತ್ತಕ್ಷರಗಳ ಲೆಕ್ಕ ಬೇರೆ. ಅಂಥ ಚೀಲದಲ್ಲಿ 'ಲ್ಪೆ' ಬಂದವರು ಅದನ್ನು ಎಲ್ಲಿಡಬೇಕು? ಬಿಡಿಸಿ ಮ್, ಅ, ಲ್, ಪ್, ಎ ಎಂದು ಐದು ಬಿಲ್ಲೆ ಮಾಡಿದರೆ ಆಟವೇನೋ ಸಾಧ್ಯ. ಆದರೆ ಹಾಗೆ ಓದುವುದು ಕನ್ನಡಿಗರ ಕಣ್ಣಿಗೆ ರೂಢಿಯಿಲ್ಲ. ಪರದೆಯ ಮೇಲೆ ಮಾತ್ರ ಇದಕ್ಕೆ ಪರಿಹಾರವಿದೆ, ಬಿಡಿ ಬಿಲ್ಲೆಗಳನ್ನು ಗಣಕಯಂತ್ರವೇ ಕೂಡಿಸಿ 'ಮಲ್ಪೆ' ಎಂದು ತೋರಿಸಬಲ್ಲದು. ಬೆಂಗಳೂರಿನ ಮ್ಯಾಡ್‌ರ‍್ಯಾಟ್ ಗೇಮ್ಸ್ ಸಂಸ್ಥೆ ಭಾರತೀಯ ಭಾಷೆಗಳಿಗೆಂದು 'ಅಕ್ಷರಿತ್' ಎಂಬ ಆಟವನ್ನು ಹೊರತಂದದ್ದು ಈ ನಿಟ್ಟಿನ ಗಮನಾರ್ಹ ಯತ್ನ.

ಎರಡನೆಯ ತೊಡಕು ಪದಪಟ್ಟಿಯದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿದೆ, 1894ರ ಕಿಟೆಲ್ ಕೋಶವಿದೆ. ಆದರೆ 'ಮನೆ' ಸರಿಯೆಂದರೆ 'ಮನೆಯಲ್ಲಿ' ಸರಿಯೇ, 'ಮನೆಯಲ್ಲಿಯೇ' ಸರಿಯೇ? ಇಂಗ್ಲಿಷಿನಲ್ಲಿ ಒಂದು ಎಸ್ ಮಾಡುವ ಕೆಲಸವನ್ನು ಇಲ್ಲಿ ವಿಭಕ್ತಿಗಳ ಸಾಲೇ ಮಾಡುತ್ತದೆ. ಎಲ್ಲವನ್ನೂ ಒಪ್ಪಿದರೆ ಪಟ್ಟಿಗೆ ಕೊನೆಯಿಲ್ಲ, ಯಾವುದನ್ನೂ ಒಪ್ಪದಿದ್ದರೆ ಪದಕ್ಕೆ ಬಾಲ ಜೋಡಿಸಿ ಅಂಕ ಗಳಿಸುವ ಆಟದ ಸ್ವಾರಸ್ಯವೇ ಇಲ್ಲ. ಈ ಗೆರೆಯನ್ನು ವೈಯಾಕರಣರೂ ಆಟಗಾರರೂ ಕೂಡಿ ಎಳೆಯಬೇಕು. ಬಟ್ಸ್ ಮಾಡಿದಂತೆ ಪತ್ರಿಕೆಯ ಪುಟಗಳಲ್ಲಿ ಅಕ್ಷರ ಎಣಿಸುವ ಕೆಲಸ ಈಗ ಗಣಕಯಂತ್ರಕ್ಕೆ ಕೆಲವೇ ನಿಮಿಷಗಳದ್ದು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿರುವುದರಿಂದ, ಕನ್ನಡ ಲಿಪಿಯಲ್ಲೇ ತುಳು ಆಟವೊಂದನ್ನು ರೂಪಿಸಲೂ ಪದಗಳ ಕೊರತೆಯಿಲ್ಲ.