ಬ್ಯಾಡಗಿಯಲ್ಲಿ ಕೂತರೂ ಬೆಂಗಳೂರು ತೋರಿಸುವ ವಿಳಾಸ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಮುಂದೆ ನಿಂತು ಮೊಬೈಲ್‌ನಲ್ಲಿ ‘ನನ್ನ ಐಪಿ ವಿಳಾಸ’ ಎಂದು ಹುಡುಕಿ ನೋಡಿ. ಅದನ್ನು ತೋರಿಸುವ ಜಾಲತಾಣಗಳು ಹತ್ತಾರು ಸಿಗುತ್ತವೆ. ಒಂದು ಸಂಖ್ಯೆ ಕೊಟ್ಟು, ಕೆಳಗೆ ಊರಿನ ಹೆಸರನ್ನೂ ಹಾಕುತ್ತವೆ. ಆ ಹೆಸರು ಬೆಂಗಳೂರು ಎಂದೋ ಚೆನ್ನೈ ಎಂದೋ ಇದ್ದರೆ ಗಾಬರಿ ಬೇಡ.

ಸಂಖ್ಯೆಯ ವಿಳಾಸ ನಮಗೇನೂ ಹೊಸದಲ್ಲ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಹಾವೇರಿಗೆ 581110, ರಾಣೆಬೆನ್ನೂರಿಗೆ 581115, ಬ್ಯಾಡಗಿಗೆ 581106. ಈ ಅಂಕಿ ಬರೆದ ಕಾಗದ ಆ ಊರಿನ ಅಂಚೆ ಕಚೇರಿಗೇ ಬಂದು ಬೀಳುತ್ತದೆ. ಸರಿಯಾಗಿ 23 ವರ್ಷಕ್ಕೆ, 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ನಾವಿನ್ನೂ ಧಾರವಾಡ ಜಿಲ್ಲೆಯಲ್ಲೇ ಇದ್ದೆವು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ.

ಪಿನ್‌ಕೋಡ್ ಊರಿಗೆ ಸೇರಿದ್ದು, ಐಪಿ ವಿಳಾಸ ಕಂಪನಿಗೆ ಸೇರಿದ್ದು. ಎಲ್ಲ ಗೊಂದಲ ಇಲ್ಲೇ ಹುಟ್ಟುತ್ತದೆ. ನಾವು ಪುಟ ಕೇಳಿದಾಗ ಆ ಕೋರಿಕೆಯ ಮೇಲೆ ಕಳಿಸಿದವರ ಸಂಖ್ಯೆ ಇರಲೇಬೇಕು, ಇಲ್ಲದಿದ್ದರೆ ಉತ್ತರ ಬರುವುದೆಲ್ಲಿಗೆ? ಜಾಲತಾಣ ಅದನ್ನೇ ಓದಿ ವಾಪಸ್ ಹೇಳುತ್ತದೆ, ಅಷ್ಟೇ. ಊರಿನ ಹೆಸರು ಮಾತ್ರ ಕಂಪನಿಯ ದಾಖಲೆ ನೋಡಿ ಮಾಡಿದ ಅಂದಾಜು.

1981ರಲ್ಲಿ ಈ ಪದ್ಧತಿ ರೂಪಿಸಿದಾಗ ಸುಮಾರು 430 ಕೋಟಿ ಸಂಖ್ಯೆಗಳಿಗೆ ಜಾಗವಿತ್ತು. 2011ರ ಫೆಬ್ರುವರಿಯಲ್ಲಿ ಜಾಗತಿಕ ದಾಸ್ತಾನು ಖಾಲಿಯಾಯಿತು. (ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದ್ದೂ 2011ರಲ್ಲೇ. ಕಾಯಿಗೆ ಊರಿನ ಗುರುತು ಸಿಕ್ಕ ವರ್ಷವೇ ಕಂಪ್ಯೂಟರಿಗೆ ವಿಳಾಸದ ಬರ!) ಉದ್ದನೆಯ ಹೊಸ ಸಂಖ್ಯೆ ಐಪಿವಿ6 ಬಂದಿದೆ, ಆದರೆ ಹಳೆಯದು ಇನ್ನೂ ಹೋಗಿಲ್ಲ. ಹಾಗಾಗಿ ಮೊಬೈಲ್ ಕಂಪನಿಗಳು ಹಳೆಯ ಒಂದೇ ಸಂಖ್ಯೆಯನ್ನು ನೂರಾರು ಗ್ರಾಹಕರಿಗೆ ಹಂಚುತ್ತವೆ. ನಿಮ್ಮದು ಎಂದು ಪರದೆ ತೋರಿಸುವ ಸಂಖ್ಯೆ ಅದೇ ಗಳಿಗೆಯಲ್ಲಿ ರಾಣೆಬೆನ್ನೂರಿನ ಬೀಜದ ಅಂಗಡಿಯವರದ್ದೂ ಆಗಿರಬಹುದು.

ಇದು ಬರೀ ತಮಾಷೆಯ ಸಂಗತಿಯಲ್ಲ. 2007ರಲ್ಲಿ ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರಿಗೆ ಅವಮಾನ ಮಾಡಿದ ಆರೋಪದ ಮೇಲೆ ಪುಣೆ ಪೊಲೀಸರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಹಿಡಿದು ಒಯ್ದರು. ಕೈಯಲ್ಲಿದ್ದ ಸುಳಿವು ಐಪಿ ವಿಳಾಸ. ಆ ವಿಳಾಸ ಅವರದ್ದಾಗಿರಲಿಲ್ಲ, ಕಂಪನಿ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು. ಅಷ್ಟರಲ್ಲಿ ಅವರು ಸುಮಾರು 50 ದಿನ ಜೈಲಿನಲ್ಲಿ ಕಳೆದಿದ್ದರು. ಆಗ ಹಂಚಿಕೆ ಇಷ್ಟು ದಟ್ಟವಾಗಿರಲಿಲ್ಲ ಎಂಬುದು ನೆನಪಿರಲಿ.

2011ರ ಏಪ್ರಿಲ್‌ನಲ್ಲಿ ಸೈಬರ್ ಕೆಫೆ ನಿಯಮ ಬಂದು, ಬಂದವರ ಗುರುತಿನ ಚೀಟಿ ನೋಡಿ ಹೆಸರು ಬರೆದುಕೊಂಡು ಆ ದಾಖಲೆಯನ್ನು ಒಂದು ವರ್ಷ ಕಾಯ್ದಿಡಬೇಕಾಯಿತು. ಕೆಫೆಯ ಎಲ್ಲ ಕಂಪ್ಯೂಟರಿಗೂ ಹೊರಗೆ ಕಾಣುವ ಸಂಖ್ಯೆ ಸಾಮಾನ್ಯವಾಗಿ ಒಂದೇ. ಕೂತವರು ಯಾರೆಂದು ಹೇಳುತ್ತಿದ್ದದ್ದು ಆ ಪುಸ್ತಕ. ಈಗ ಆ ಪುಸ್ತಕದ ಜಾಗದಲ್ಲಿ ಮೊಬೈಲ್ ಕಂಪನಿಯ ಲಾಗ್ ಇದೆ. ‘ಐಪಿ ವಿಳಾಸದಿಂದ ಆರೋಪಿ ಪತ್ತೆ’ ಎಂಬ ಪ್ರಕಟಣೆ ಬಂದಾಗ ನಮ್ಮಂಥ ವರದಿಗಾರರು ಕೇಳಬೇಕಾದದ್ದು ಎರಡು: ಸೆಕೆಂಡಿನ ಲೆಕ್ಕದಲ್ಲಿ ಸಮಯ ಎಷ್ಟು, ಪೋರ್ಟ್ ಸಂಖ್ಯೆ ಯಾವುದು? ಹಂಚಿಕೊಂಡ ವಿಳಾಸವಾಗಿದ್ದರೆ, ಇವೆರಡೂ ಇಲ್ಲದೆ ಕಂಪನಿಯವರೂ ಒಬ್ಬರ ಹೆಸರು ಹೇಳಲಾರರು.