ಸಾಲಿಗನ ಕೈ ನಿಲ್ಲಬೇಕಾದ ಎಲ್ಲೆ

ಪಡೆದ ಸಾಲವನ್ನು ತೀರಿಸುವುದು ಗೃಹಸ್ಥನ ಧರ್ಮ. ಇದರಲ್ಲಿ ಎರಡು ಮಾತಿಲ್ಲ. ಪರರ ದ್ರವ್ಯವನ್ನು ಉಳಿಸಿಕೊಂಡು ವ್ರತಿಯೆನಿಸಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಆದರೆ ಈ ಧರ್ಮದ ಪಕ್ಕದಲ್ಲಿಯೇ ಇನ್ನೊಂದು ಪ್ರಶ್ನೆಯಿದೆ. ಅಪಘಾತದಲ್ಲಿ ಕಾಲು ಕಳೆದುಕೊಂಡವನೊಬ್ಬ ದುಡಿಯಲಾರದೆ ದಿವಾಳಿಯಾಗಿದ್ದಾನೆ. ಅವನ ಅಂಗವೈಕಲ್ಯಕ್ಕೆಂದು ಬರುವ ಅಲ್ಪ ವೇತನವೇ ಅವನ ಮನೆಯ ಒಲೆಯನ್ನು ಉರಿಸುತ್ತಿದೆ. ಆ ಹಣವನ್ನೂ ಸಾಲಿಗನು ಜಪ್ತಿ ಮಾಡಿಕೊಳ್ಳಬಹುದೆ? ಈ ಪ್ರಶ್ನೆಗೆ ಮನುಷ್ಯ ಸಮಾಜವು ಉತ್ತರ ಕಂಡುಕೊಂಡ ಇತಿಹಾಸ ಸುದೀರ್ಘವಾದುದು.

ಪ್ರಾಚೀನ ರೋಮಿನಲ್ಲಿ ಕ್ರಿ.ಪೂ. 450ರ ಸುಮಾರಿಗೆ ರಚಿತವಾದ ಹನ್ನೆರಡು ಫಲಕಗಳ ಶಾಸನದ ದೃಷ್ಟಿಯಲ್ಲಿ ಸಾಲಗಾರನ ದೇಹವೇ ಅಡವು. ತೀರ್ಪಾದ ಮೇಲೆ ಮೂವತ್ತು ದಿನಗಳ ಗಡುವು. ಅನಂತರ ಅರವತ್ತು ದಿನ ಸಂಕೋಲೆ. ಆಮೇಲೂ ಹಣ ಬಾರದಿದ್ದರೆ ಅವನನ್ನು ಟೈಬರ್ ನದಿಯಾಚೆ ಗುಲಾಮನನ್ನಾಗಿ ಮಾರಬಹುದಾಗಿತ್ತು. ಇಂಗ್ಲೆಂಡಿನಲ್ಲಿ 1542ರಲ್ಲಿ ಮೊದಲ ದಿವಾಳಿ ಶಾಸನ ಬಂದಾಗಲೂ ದಿವಾಳಿಗಾರನನ್ನು ಅಪರಾಧಿಯೆಂದೇ ಭಾವಿಸಲಾಯಿತು. ರಾಣಿ ಆನ್‌ಳ ಆಳ್ವಿಕೆಯಲ್ಲಿ, 1705ರ ಶಾಸನದಿಂದ, ತನ್ನ ಆಸ್ತಿಯನ್ನೆಲ್ಲ ಪ್ರಾಮಾಣಿಕವಾಗಿ ಒಪ್ಪಿಸಿದವನಿಗೆ ಋಣಮುಕ್ತಿಯ ಬಾಗಿಲು ತೆರೆಯಿತು. ಮೋಸದಿಂದ ಬಚ್ಚಿಟ್ಟವನಿಗೆ ಅದೇ ಶಾಸನ ಮರಣದಂಡನೆಯನ್ನು ವಿಧಿಸಿತು. ಸಾಮಾನ್ಯ ಸಾಲಗಾರರ ಪಾಲಿಗೆ ಸೆರೆಮನೆ ಮಾತ್ರ ಇನ್ನೂ ಬಹುಕಾಲ ಉಳಿದಿತ್ತು. ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸನ ತಂದೆ 1824ರಲ್ಲಿ ಸಾಲಕ್ಕಾಗಿ ಲಂಡನ್ನಿನ ಮಾರ್ಷಲ್‌ಸೀ ಬಂದಿಖಾನೆ ಸೇರಿದನು. ಹನ್ನೆರಡು ವರ್ಷದ ಬಾಲಕ ಕಾರ್ಖಾನೆಯ ದುಡಿಮೆಗೆ ನಿಂತನು. 1869ರ ಶಾಸನ ಬಂದ ಮೇಲೆಯೇ ಇಂತಹ ಸೆರೆವಾಸ ಬಹುಮಟ್ಟಿಗೆ ನಿಂತಿತು.

ದೇಹವು ಸಾಲಿಗನ ಕೈಯಿಂದ ಪಾರಾಯಿತು. ದೇಹವನ್ನು ಪೊರೆಯುವ ಅನ್ನ ಪಾರಾಗಲು ಇನ್ನಷ್ಟು ಕಾಲ ಬೇಕಾಯಿತು. ಈ ವಿಷಯದಲ್ಲಿ ಅಮೆರಿಕಾ ದೇಶದ ಇತಿಹಾಸ ಬೋಧಪ್ರದವಾಗಿದೆ. ಅಲ್ಲಿ 1935ರಲ್ಲಿ ಸಾಮಾಜಿಕ ಭದ್ರತಾ ಶಾಸನ ಜಾರಿಗೆ ಬಂದಿತು. ಅದರ ಪ್ರಕಾರ ಸಲ್ಲುವ ವೇತನವನ್ನು ಯಾರಿಗೂ ವರ್ಗಾಯಿಸಲಾಗದು. ಅದು ಜಪ್ತಿಗೆ ಒಳಪಡದು. ಯಾವ ದಿವಾಳಿ ಕಾನೂನೂ ಅದನ್ನು ಮುಟ್ಟಲಾಗದು ಎಂಬ ನಿಯಮವನ್ನು ಆ ಶಾಸನ ಮೊದಲಿನಿಂದಲೇ ಹೊಂದಿತ್ತು. ಇಂದು ಅದು 207ನೆಯ ಸೆಕ್ಷನ್ ಎಂದು ಪ್ರಸಿದ್ಧವಾಗಿದೆ. 1956ರಲ್ಲಿ ಅಂಗವೈಕಲ್ಯ ವಿಮೆಯೂ ಈ ವ್ಯವಸ್ಥೆಯೊಳಗೆ ಸೇರಿದಾಗ ಅದೇ ರಕ್ಷಣೆ ಅದಕ್ಕೂ ದೊರೆಯಿತು.

ನಿಯಮ ಕಾಗದದ ಮೇಲಿದ್ದರೆ ಸಾಲದು. ಅದು ಪರೀಕ್ಷೆಯನ್ನು ಗೆಲ್ಲಬೇಕು. ನ್ಯೂಜೆರ್ಸಿ ಸಂಸ್ಥಾನದ ಎಸ್ಸೆಕ್ಸ್ ಜಿಲ್ಲೆಯಲ್ಲಿ ಪೂರ್ಣವಾಗಿ ಅಂಗವಿಕಲನಾಗಿದ್ದ ಒಬ್ಬನು 1966ರಲ್ಲಿ ಸರ್ಕಾರಿ ನೆರವಿಗೆ ಮೊರೆಹೊಕ್ಕನು. ಮುಂದೆ ಕೈಗೆ ಹಣ ಬಂದರೆ ನೆರವನ್ನು ಹಿಂದಿರುಗಿಸುವೆನೆಂಬ ಕರಾರಿಗೆ ಅವನಿಂದ ಸಹಿ ಪಡೆಯಲಾಗಿತ್ತು. 1968ರಲ್ಲಿ ಅಂಗವೈಕಲ್ಯ ವೇತನದ ಹಿಂಬಾಕಿಯಾಗಿ ಅವನಿಗೆ 1,864 ಡಾಲರುಗಳಷ್ಟು ಹಣ ಬಂದು ಬ್ಯಾಂಕಿನಲ್ಲಿ ಜಮೆಯಾಯಿತು. ಜಿಲ್ಲೆಯ ಕಲ್ಯಾಣ ಮಂಡಲಿ ಆ ಹಣವನ್ನು ಕೇಳಿತು. ಸಂಸ್ಥಾನದ ಉಚ್ಚ ನ್ಯಾಯಾಲಯವೂ ಮಂಡಲಿಯ ಪರವಾಗಿಯೇ ತೀರ್ಪಿತ್ತಿತು. ಆದರೆ 1973ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯ ಅದನ್ನು ತಿರುಗಿಸಿತು. ಬ್ಯಾಂಕಿನಲ್ಲಿ ಜಮೆಯಾದ ಮಾತ್ರಕ್ಕೆ ಆ ಹಣದ ಸ್ವರೂಪ ಬದಲಾಗುವುದಿಲ್ಲ, ಸಾಲ ಕೇಳುವವರು ಸರ್ಕಾರವೇ ಆದರೂ 207ನೆಯ ಸೆಕ್ಷನ್ನಿಗೆ ತಲೆಬಾಗಬೇಕು ಎಂಬುದು ಆ ತೀರ್ಪಿನ ಸಾರ.

ಅನಂತರ 1978ರ ದಿವಾಳಿ ಸಂಹಿತೆಯು ಸಾಮಾಜಿಕ ಭದ್ರತಾ ವೇತನ, ನಿವೃತ್ತ ಯೋಧರ ವೇತನ, ಅಂಗವೈಕಲ್ಯ ಮತ್ತು ಅನಾರೋಗ್ಯದ ನೆರವು ಇವುಗಳನ್ನು ವಿನಾಯಿತಿಯ ಪಟ್ಟಿಯಲ್ಲಿರಿಸಿತು. ಖಾಸಗಿ ವಿಮೆ ಅಥವಾ ಉದ್ಯೋಗದ ಯೋಜನೆಯಿಂದ ಬರುವ ಅಂಗವೈಕಲ್ಯದ ಹಣಕ್ಕೆ ಮಾತ್ರ, ಋಣಿ ಮತ್ತು ಅವನ ಅವಲಂಬಿತರ ಪೋಷಣೆಗೆ ಯುಕ್ತವಾಗಿ ಬೇಕಾದಷ್ಟಕ್ಕೆ, ಎಂಬ ಮಿತಿಯನ್ನು ಹಾಕಿತು. ಹಲವು ಸಂಸ್ಥಾನಗಳು ತಮ್ಮದೇ ಪಟ್ಟಿಯನ್ನು ಅನುಸರಿಸುತ್ತವೆಯಾದರೂ 207ನೆಯ ಸೆಕ್ಷನ್ನಿನ ರಕ್ಷಣೆ ಎಲ್ಲೆಡೆ ನಿಲ್ಲುತ್ತದೆ. 2011ರಲ್ಲಿ ಬಂದ ನಿಯಮದಂತೆ, ಖಾತೆಗೆ ನೇರವಾಗಿ ಜಮೆಯಾದ ಇಂತಹ ಕೇಂದ್ರ ವೇತನವನ್ನು ಎರಡು ತಿಂಗಳ ಮಟ್ಟಿಗೆ ಬ್ಯಾಂಕು ತಾನಾಗಿಯೇ ಜಪ್ತಿಯಿಂದ ಕಾಯಬೇಕು. ಆದುದರಿಂದಲೇ ಆ ಹಣವನ್ನು ಬೇರೆ ಹಣದೊಡನೆ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿ ಇಡುವುದು ವಿವೇಕವೆನಿಸಿದೆ. ಬೆರೆತ ಹಣದಲ್ಲಿ ಯಾವುದು ಯಾವುದೆಂದು ತೋರಿಸುವ ಹೊಣೆ ಬಡವನ ಮೇಲೆಯೇ ಬೀಳುತ್ತದೆ.

ಶಾಸನವೂ ಎಡವುವುದುಂಟು. 2005ರ ತಿದ್ದುಪಡಿಯಲ್ಲಿ, ದಿವಾಳಿ ಕೋರುವವನ ಆದಾಯವನ್ನು ಅಳೆಯುವ ಪರೀಕ್ಷೆ ಬಂದಿತು. ಸಾಮಾಜಿಕ ಭದ್ರತಾ ವೇತನವನ್ನು ಆ ಲೆಕ್ಕದಿಂದ ಬಿಡಲಾಯಿತು. ಯುದ್ಧದಲ್ಲಿ ಅಂಗಹೀನನಾದ ಯೋಧನ ವೇತನವನ್ನು ಮಾತ್ರ ಆದಾಯವೆಂದೇ ಎಣಿಸಲಾಯಿತು. ಈ ಅನ್ಯಾಯ ಸರಿಹೋದುದು 2019ರ ಆಗಸ್ಟ್ ತಿಂಗಳಿನಲ್ಲಿ. ಹದಿನಾಲ್ಕು ವರ್ಷಗಳ ಕಾಲ ದೇಶಕ್ಕಾಗಿ ಕೈಕಾಲು ಕೊಟ್ಟವರು ಉಳಿದವರಿಗಿಂತ ಹೆಚ್ಚಿನ ಕಷ್ಟಕ್ಕೆ ಗುರಿಯಾದರು.

ನಮ್ಮ ದೇಶದಲ್ಲಿ ಈ ವಿಚಾರ ಹೊಸದಲ್ಲ. ಬಡ್ಡಿಯು ಅಸಲನ್ನು ಮೀರಕೂಡದೆಂಬ ದಾಮದುಪ್ಪಟ್ಟಿನ ನಿಯಮ ಧರ್ಮಶಾಸ್ತ್ರಗಳ ಕಾಲದಿಂದ ಬಂದುದು. 1871ರ ಪಿಂಚಣಿ ಶಾಸನ ಸರ್ಕಾರಿ ಪಿಂಚಣಿಯನ್ನು ಜಪ್ತಿಯಿಂದ ಹೊರಗಿರಿಸಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಸೆಕ್ಷನ್ ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ ಇವುಗಳನ್ನು ಮುಟ್ಟಬಾರದೆಂದಿತು. 1923ರ ಕಾರ್ಮಿಕರ ಪರಿಹಾರ ಶಾಸನದ 9ನೆಯ ಸೆಕ್ಷನ್, ಗಾಯಗೊಂಡ ಕಾರ್ಮಿಕನ ಪರಿಹಾರಧನವನ್ನು ಜಪ್ತಿ ಮಾಡಲಾಗದು, ಬೇರೆ ಬಾಕಿಗೆ ವಜಾ ಹಾಕಿಕೊಳ್ಳಲೂ ಆಗದು ಎಂದು ವಿಧಿಸಿತು. 1948ರ ನೌಕರರ ರಾಜ್ಯ ವಿಮಾ ಶಾಸನವೂ ಅಂಗವೈಕಲ್ಯದ ನೆರವಿಗೆ ಇಂತಹುದೇ ಕವಚ ತೊಡಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ತತ್ತ್ವ ಮುಂದುವರಿದಿದೆ.

ವರ್ತಕರು ಗಮನಿಸಬೇಕಾದ ಒಂದು ಸೂಕ್ಷ್ಮ 1920ರ ಪ್ರಾಂತೀಯ ದಿವಾಳಿ ಶಾಸನದಲ್ಲಿದೆ. ಜಪ್ತಿಗೆ ಒಳಪಡದ ವಸ್ತುಗಳೆಲ್ಲ ದಿವಾಳಿಯಲ್ಲಿಯೂ ಋಣಿಗೇ ಉಳಿಯುತ್ತವೆ. ಲೆಕ್ಕದ ಪುಸ್ತಕಗಳಿಗೆ ಮಾತ್ರ ಈ ರಿಯಾಯಿತಿಯಿಲ್ಲ. ಅಂದರೆ ಪಾತ್ರೆಯನ್ನು ಇಟ್ಟುಕೊಳ್ಳಬಹುದು, ಖಾತೆಕಿರ್ದಿಯನ್ನು ಒಪ್ಪಿಸಲೇಬೇಕು. ಅಮೆರಿಕಾದಲ್ಲಿಯೂ ಹೀಗೆಯೇ: ವೇತನಕ್ಕೆ ರಕ್ಷಣೆಯಿದ್ದರೂ ಅದನ್ನು ಅರ್ಜಿಯ ಪಟ್ಟಿಯಲ್ಲಿ ತೋರಿಸಲೇಬೇಕು. ಕಾಯಿದೆಯು ಅನ್ನವನ್ನು ಕಾಯುತ್ತದೆ, ಮರೆಮಾಚುವಿಕೆಯನ್ನು ಕಾಯುವುದಿಲ್ಲ.

ಈ ಎರಡು ಎಲ್ಲೆಗಳನ್ನೂ ಜೈನ ಆಚಾರ್ಯರು ಬಹು ಹಿಂದೆಯೇ ಗುರುತಿಸಿದ್ದರು. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳ ಎಣಿಕೆಯಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ, ಎಂದರೆ ಆಹಾರಪಾನಗಳನ್ನು ತಡೆಯುವುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಲೇಖವನ್ನು ಸೃಷ್ಟಿಸುವುದು. ಇನ್ನೊಂದು ನ್ಯಾಸಾಪಹಾರ, ಎಂದರೆ ನಂಬಿ ಇರಿಸಿದ ಒತ್ತೆಯನ್ನು ನುಂಗುವುದು. ಅಶಕ್ತನ ಜೀವನಾಧಾರಕ್ಕೆ ಕೈಹಾಕುವ ಸಾಲಿಗನು ಮೊದಲನೆಯ ದೋಷಕ್ಕೆ ಒಳಗಾಗುತ್ತಾನೆ. ಅಂಗವೈಕಲ್ಯದ ನೆಪದಲ್ಲಿ ಬೇರೆ ಆಸ್ತಿಯನ್ನು ಬಚ್ಚಿಡುವ ಸಾಲಗಾರನು ಉಳಿದವುಗಳಿಗೆ ಒಳಗಾಗುತ್ತಾನೆ. ವ್ರತವು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

1641ರಲ್ಲಿ ತನ್ನ ಜೀವನಕಥೆಯನ್ನು ಬರೆದ ಜೈನ ವರ್ತಕಕವಿ ಬನಾರಸೀದಾಸನ ಬಾಳಿನಲ್ಲಿ ಈ ಸಮತೂಕದ ಒಂದು ನಿದರ್ಶನವಿದೆ. ಆಗ್ರಾದಲ್ಲಿ ವ್ಯಾಪಾರದ ಬಂಡವಾಳವೆಲ್ಲ ಕರಗಿದ ಮೇಲೆ ಅವನು ತಿಂಗಳುಗಟ್ಟಲೆ ಕಚೋರಿ ಮಾರುವವನೊಬ್ಬನಲ್ಲಿ ಉದ್ದರಿ ತಿಂದು ಬದುಕಿದನು. ತನ್ನ ಕೈ ಬರಿದಾಗಿದೆಯೆಂಬ ಸತ್ಯವನ್ನು ಅವನು ಮುಚ್ಚಿಡಲಿಲ್ಲ. ಅಂಗಡಿಯವನು ಅನ್ನವನ್ನು ನಿಲ್ಲಿಸಲಿಲ್ಲ. ಮುಂದೆ ಕೈಗೆ ಹಣ ಬಂದಾಗ ಬಾಕಿ ಸಂದಾಯವಾಯಿತು.

ಶ್ರಾವಕ ಕುಟುಂಬಗಳಲ್ಲಿ ಲೇವಾದೇವಿ ನಡೆಸುವವರೂ ಇದ್ದಾರೆ, ವ್ಯಾಪಾರದಲ್ಲಿ ಸೋತವರೂ ಇದ್ದಾರೆ. ಬಸದಿಗಳ ಟ್ರಸ್ಟುಗಳು ಅಶಕ್ತರಿಗೆ ನೆರವು ನೀಡುವಾಗ ಆ ಹಣ ಹಳೆಯ ಬಾಕಿಗೆ ವಜಾ ಆಗದಂತೆ ನೋಡಿಕೊಳ್ಳುವುದು, ಪಡೆದವನ ಖಾತೆ ಶುದ್ಧವಾಗಿರುವಂತೆ ತಿಳಿಹೇಳುವುದು ಕರುಣಾದಾನದ ಅಂಗವೇ ಆಗಿದೆ. ವಸೂಲಿಗೆ ಹೊರಟವನು ಋಣಿಯ ಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ತಾನು ಕೇಳುತ್ತಿರುವುದು ತನ್ನ ಹಣವನ್ನೋ ಆತನ ತುತ್ತನ್ನೋ ಎಂದು ವಿಚಾರಿಸಿಕೊಳ್ಳಲಿ. ಪರಿಗ್ರಹ ಪರಿಮಾಣ ವ್ರತ ಸಾರ್ಥಕವಾಗುವುದು ಇಂತಹ ವಿಚಾರದಿಂದಲೇ.